ಗಂಟೆಗೊಂದು ಹನಿ

ನನ್ನ ದೊಡ್ಡವ್ವ ಪದ್ಮವ್ವ ಸುಳ್ಳು ಹೇಳುವವಳಲ್ಲ. ಕೇಳದ್ದನ್ನು ತಾನಾಗಿ ಹೇಳುವವಳೂ ಅಲ್ಲ. ಮೊದಲನೆಯ ಗುಣವನ್ನು ಹುನ್ನೂರಿನಲ್ಲಿ ಎಲ್ಲರೂ ಹೊಗಳುತ್ತಾರೆ. ಎರಡನೆಯದು ಎಷ್ಟು ಅಪಾಯದ್ದು ಎಂದು ತಿಳಿಯಲು ನನಗೆ ಒಂಬತ್ತು ದಿನ ಬೇಕಾಯಿತು. ಅದೂ ನಾನು ಓದಿದವಳು, ಆರು ವರ್ಷದಿಂದ ಓದುತ್ತಲೇ ಇರುವವಳು.

ನಾನು ಓದುತ್ತಿರುವುದು ಕಬ್ಬಿನ ಒಂದು ರೋಗದ ಬಗ್ಗೆ. ಮಳೆಗಾಲದಲ್ಲಿ ಕಬ್ಬಿನ ಸುಳಿ ಬೆಳ್ಳಗಾಗಿ, ಮುದುಡಿ, ತಿರುಚಿಕೊಂಡು ನಿಲ್ಲುತ್ತದೆ. ಅದಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಈ ಶಿಲೀಂಧ್ರಕ್ಕೆ ಕಬ್ಬೇ ಆಗಬೇಕೆಂಬ ಹಟವಿಲ್ಲ. ಅಪರೂಪಕ್ಕೆ ಮನುಷ್ಯರಿಗೂ ಹತ್ತುತ್ತದೆ, ಅದರಲ್ಲೂ ಕಣ್ಣಿಗೆ. ಕಬ್ಬಿನ ಎಲೆಯ ಅಂಚು ಕಣ್ಣುಗುಡ್ಡೆಗೆ ಗೀರಿದರೆ, ಆ ಗೀರಿನಲ್ಲಿ ಇದು ಬೇರು ಬಿಟ್ಟಂತೆ ಇಳಿಯುತ್ತದೆ. ಕಬ್ಬಿಗೆ ರೈತರು ಎಣ್ಣೆ ಎಂದು ಹೊಡೆಯುವ ಶಿಲೀಂಧ್ರನಾಶಕ ಮತ್ತು ಇಂಥ ಕಣ್ಣಿಗೆ ಡಾಕ್ಟರು ಹಾಕುವ ಔಷಧ ಎರಡೂ ಒಂದೇ ಬಳಗದವು. ಹೊಲದಲ್ಲಿ ಎಣ್ಣೆ ಕುಡಿದು ಕುಡಿದು ಗಟ್ಟಿಯಾದ ಶಿಲೀಂಧ್ರ ಕಣ್ಣಿಗೆ ಬಂದರೆ ಅಲ್ಲಿ ಔಷಧಕ್ಕೂ ಬಗ್ಗುವುದಿಲ್ಲ ಎಂಬುದು ನನ್ನ ವಾದ. ವಾದ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಪುರಾವೆ ಮಾತ್ರ ಸಿಕ್ಕಿರಲಿಲ್ಲ. ಜಮಖಂಡಿಯ ಕಣ್ಣಿನ ಡಾಕ್ಟರ್ ಶೀತಲ ಅವರು ರೋಗಿಗಳ ಕಣ್ಣಿನಿಂದ ಕೆರೆದ ನಾಲ್ಕು ಮಾದರಿ ಕೊಟ್ಟಿದ್ದರು. ನಾಲ್ಕೂ ಔಷಧ ಕಂಡೊಡನೆ ಸತ್ತುಬಿದ್ದವು. ಅವುಗಳ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ರೋಗಿಗಳು ಗುಣವಾದ ಸುದ್ದಿಯನ್ನೇ ನಾನು ಕೇಳಲಿಲ್ಲ.

ದೊಡ್ಡಪ್ಪ ಪಾರಿಸಪ್ಪ ತಮ್ಮ ಹೊಲದಲ್ಲಿ ನನಗೆ ನಾಲ್ಕು ಸಾಲು ಕಬ್ಬು ಬಿಟ್ಟುಕೊಟ್ಟಿದ್ದರು. ಎರಡು ವರ್ಷದಿಂದ ಆ ಸಾಲುಗಳಿಗೆ ನಾನು ಬೇಕೆಂದೇ ಹೆಚ್ಚು ಹೆಚ್ಚು ಎಣ್ಣೆ ಹೊಡೆಯುತ್ತಿದ್ದೆ, ಶಿಲೀಂಧ್ರ ಗಟ್ಟಿಯಾಗುತ್ತದೋ ನೋಡಲು. ಅಲ್ಲಿಗೆ ಆಳುಗಳು ಕಾಲಿಡಬಾರದು, ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ಲೆಕ್ಕ ತಪ್ಪುತ್ತದೆ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಆಗಸ್ಟಿನಲ್ಲಿ ಇಡೀ ಹೊಲದ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಸುಲಿಯಲು ಆಳುಗಳು ಬಂದರು. ನನ್ನ ನಾಲ್ಕು ಸಾಲು ಉಳಿದವು. ಅವನ್ನು ಸುಲಿಯಲು ಅರವತ್ತೊಂದರ ದೊಡ್ಡವ್ವ ತಾನೇ ಇಳಿದಳು. ಎರಡನೆಯ ಸಾಲಿನಲ್ಲಿ ಒಂದು ಎಲೆ ಸಿಡಿದು ಆಕೆಯ ಬಲಗಣ್ಣಿಗೆ ಬಡಿಯಿತು.

ಪಕ್ಕದ ಹೊಲದ ದಶರಥ, ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಹೆಂಗಸೊಬ್ಬಳಿದ್ದಾಳೆ, ಕರೆದುಕೊಂಡು ಹೋಗುತ್ತೇನೆ ಅಂದನಂತೆ. "ಮಂದಿ ಎಂಜಲಾ ಕಣ್ಣಾಗ ಹಾಕ್ಕೊಳ್ಳಾಕ ನನಗೇನ ಹುಚ್ಚ ಹಿಡದೈತೇನು?" ಎಂದು ದೊಡ್ಡವ್ವ ಒಪ್ಪಲಿಲ್ಲ. ಮೂರನೆಯ ದಿನ ಕಣ್ಣು ಕೆಂಡವಾಗಿ ನನ್ನ ಹತ್ತಿರ ಬಂದಳು. ಡಾಕ್ಟರ್ ಶೀತಲ ಕಣ್ಣು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಆರು ವರ್ಷದಿಂದ ದಿನಾ ನೋಡುವ ಅದೇ ಎಳೆಗಳು. ಗುರುತಿನವರನ್ನು ಪೊಲೀಸ್ ಠಾಣೆಯಲ್ಲಿ ಕಂಡಂತಾಯಿತು.

"ಗಂಟಿಗೊಂದು ಹನಿ," ಅಂದರು ಡಾಕ್ಟರು. "ಹಗಲೂ ರಾತ್ರಿ. ಒಂದೂ ತಪ್ಪಬಾರದು. ತಪ್ಪಿದ್ರ ಅದು ಒಳಗ ಇಳಿದುಬಿಡತದ."

ಕೆರೆದದ್ದರಲ್ಲಿ ಅರ್ಧ ನನಗೆ ಕೊಟ್ಟರು. ಅದು ಐದನೆಯ ಮಾದರಿ.

ದೊಡ್ಡವ್ವನನ್ನು ಜಮಖಂಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿರುವ ನನ್ನ ಬಾಡಿಗೆ ಮನೆಯಲ್ಲೇ ಇಟ್ಟುಕೊಂಡೆ. ಎರಡು ಕೋಣೆ, ಒಂದು ಕಿಟಕಿ. ಬೆಳಕು ಬಿದ್ದರೆ ಕಣ್ಣು ಚುಚ್ಚುತ್ತದೆಂದು ಆ ಕಿಟಕಿಗೂ ಕೌದಿ ಕಟ್ಟಿದೆವು. ಆಮೇಲೆ ಹಗಲು ಯಾವುದು, ಸಂಜೆ ಯಾವುದು ಎಂದು ಫೋನೇ ಹೇಳಬೇಕಾಯಿತು. ಫೋನಿಗೆ ಗಂಟೆಗೊಂದು ಅಲಾರಂ ಇಟ್ಟಿದ್ದೆ. ಅದು ಹೊಡೆದಾಗ ಕೈಯಲ್ಲಿ ಹಿಟ್ಟಿರಲಿ, ತಲೆಯ ಮೇಲೆ ನೀರಿರಲಿ, ಓಡಿ ಬಂದು ಹನಿ ಹಾಕಬೇಕು. ಸಂತೆಗೆ ಹೋದರೆ ನಲವತ್ತು ನಿಮಿಷದಲ್ಲಿ ವಾಪಸ್ಸು. ಮುಧೋಳದ ಲ್ಯಾಬಿಗೆ ಹೋಗಿಬರಬೇಕಾದ ದಿನ ದೊಡ್ಡಪ್ಪ ಹುನ್ನೂರಿನಿಂದ ಹಾಲು, ರೊಟ್ಟಿ ಹೊತ್ತು ತಂದು ನನ್ನ ಜಾಗದಲ್ಲಿ ಕೂಡುತ್ತಿದ್ದರು. ಅವರಿಗೆ ಹನಿ ಹಾಕುವ ರೂಢಿ ಇರಲಿಲ್ಲ. ಅರ್ಧ ಹನಿ ಕೆನ್ನೆಗೆ.

ದೊಡ್ಡವ್ವನಿಗೆ ಆ ಕೋಣೆ ಮೊದಲ ದಿನದಿಂದಲೇ ಆಗಿಬರಲಿಲ್ಲ. ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವಳಲ್ಲ. ಬಸದಿಗೆ ಹೋಗದೆ ಉಣ್ಣುವವಳಲ್ಲ. ಇಲ್ಲಿ ಗೋಡೆಯ ಕಡೆ ಮುಖ ಮಾಡಿ ಕೈಮುಗಿದು, ಸೂರ್ಯ ಮುಳುಗುವ ಮೊದಲೇ ಎರಡು ತುತ್ತು ತಿಂದು ಮುಗಿಸುತ್ತಿದ್ದಳು.

"ಕೋರ್ಟ ಇಲ್ಲೇ ಹಿಂದ ಐತೆಲ್ಲಾ," ಎಂದು ಒಮ್ಮೆ ಕೇಳಿದಳು. "ಯಾವ ಕೇಸ್ ಹಾಕೀರಿ ನನ್ನ ಮ್ಯಾಲ, ಅದರ ಹೇಳ್ರಿ."

"ಕಣ್ಣ ಉಳಿಬೇಕಂದ್ರ ಸುಮ್ಮನ ಮಲಕೋ, ದೊಡ್ಡವ್ವ."

"ಮಲಗಿ ಮಲಗಿ ಬೆನ್ನ ಕಬ್ಬಿನ ಗಣಿಕಿ ಆಗೇತಿ."

ಮೊದಲ ಎರಡು ರಾತ್ರಿ ನಾನೇ ಎದ್ದು ಹನಿ ಹಾಕಿದೆ. ಮೂರನೆಯ ದಿನ ಲ್ಯಾಬಿನಲ್ಲಿ ನಿಂತಲ್ಲೇ ತೂಕಡಿಸಿ ಒಂದು ಗಾಜಿನ ತಟ್ಟೆ ಒಡೆದೆ. ಮನೆಗೆ ಬಂದು ಆ ಸುದ್ದಿ ಹೇಳಿದಾಗ ದೊಡ್ಡವ್ವ, "ರಾತ್ರಿ ಔಷಧ ಬಾಟ್ಲಿ, ಫೋನ ನನ್ನ ತಲಿದಿಂಬಿನ ಹಂತ್ಯಾಕ ಇಟ್ಟ ನೀ ಮಲಕೋ. ನನಗ ಹೆಂಗೂ ನಿದ್ದಿ ಹತ್ತಂಗಿಲ್ಲ," ಅಂದಳು. ನಾನು ಒಪ್ಪಿದೆ. ಬಹಳ ಬೇಗ ಒಪ್ಪಿದೆ ಎಂದು ಈಗ ಅನ್ನಿಸುತ್ತದೆ. ಅಂದಿನಿಂದ ದಿನಾ ಬೆಳಿಗ್ಗೆ, "ಅಲಾರಂ ಬಡೀತಿಲ್ಲೋ?" ಎಂದು ಕೇಳುತ್ತಿದ್ದೆ. "ಬಡೀತು," ಅನ್ನುತ್ತಿದ್ದಳು. ಹನಿ ಹಾಕಿಕೊಂಡೆಯಾ ಎಂದು ನಾನು ಕೇಳಲಿಲ್ಲ. ಅಲಾರಂ ಬಡಿದ ಮೇಲೆ ಹಾಕಿಕೊಳ್ಳದೆ ಇರುವ ಮನುಷ್ಯರು ಇರುತ್ತಾರೆಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಆರನೆಯ ದಿನ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕರಿಗುಡ್ಡೆಯ ಮೇಲಿನ ಬಿಳಿ ಕಲೆ ಸಣ್ಣದಾಗುವ ಬದಲು ದೊಡ್ಡದಾಗಿತ್ತು.

"ಹನಿ ತಪ್ಪದಂಗ ಹಾಕಾಕತ್ತೀರಿಲ್ಲ, ಅಮ್ಮಾರ?" ಎಂದು ದೊಡ್ಡವ್ವನನ್ನು ಕೇಳಿದರು.

ಆಕೆ ಬಾಯಿ ತೆರೆದಳು. ಅದನ್ನು ನಾನು ನೋಡಿದೆ. ನೋಡಿಯೂ ಆಕೆಗಿಂತ ಮೊದಲು ನಾನೇ ಹೇಳಿದೆ. "ಮ್ಯಾಡಂ, ಮನ್ಯಾಗ ನಾ ಅದೀನ್ರಿ. ಗಂಟಿ ಗಂಟಿಗೆ ಅಲಾರಂ ಇಟ್ಟೇನ್ರಿ. ಒಂದೂ ತಪ್ಪಿಲ್ಲ."

ನಾನು ಸಂಶೋಧಕಿ, ನನ್ನ ಮಾತನ್ನು ಡಾಕ್ಟರು ಯಾಕೆ ಅನುಮಾನಿಸಬೇಕು? "ಹಂಗಾದ್ರ ಔಷಧಕ್ಕ ಇದು ಬಗ್ಗವಲ್ದು," ಅಂದರು. "ಮೂರ ದಿವಸ ನೋಡೋಣ. ಆಮ್ಯಾಲ ಬ್ಯಾರೆ ಔಷಧ ತರಿಸತೀನಿ. ತೂತು ಬಿದ್ರ ಮಾತ್ರ ಹುಬ್ಬಳ್ಳಿಗೆ ಕಳಸೂದು, ಮತ್ತ ಅಲ್ಲಿ ಕಣ್ಣ ಉಳಸ್ತಾರಂತ ನಾ ಹೇಳಂಗಿಲ್ಲ."

ಔಷಧಕ್ಕೆ ಬಗ್ಗುತ್ತಿಲ್ಲ. ಈ ಎರಡು ಶಬ್ದಕ್ಕಾಗಿ ನಾನು ಆರು ವರ್ಷ ಕಾದಿದ್ದೆ. ದೊಡ್ಡವ್ವನ ಕೈಹಿಡಿದು ಆಟೋ ಹತ್ತಿಸುವಾಗ ದುಃಖ ಇತ್ತು, ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಆದರೆ ಮನೆಗೆ ಬಂದು ಆಕೆಯನ್ನು ಮಲಗಿಸಿದ್ದೇ ತಡ, ಹೊರಗಿನ ಕೋಣೆಗೆ ಬಂದು ನನ್ನ ಗೈಡ್ ಶಿದ್ರಾಮಪ್ಪ ಸರ್‌ಗೆ ಫೋನ್ ಹಚ್ಚಿದೆ. ಹೊಲ ನಮ್ಮದು, ಎಣ್ಣೆ ಹೊಡೆದ ಸಾಲು ನಮ್ಮದು, ಎಲೆ ಬಡಿದದ್ದು ಅದೇ ಸಾಲಿನಲ್ಲಿ, ಔಷಧಕ್ಕೆ ಬಗ್ಗದ ಕಣ್ಣು. ಸರ್ ಅತ್ತಲಿಂದ, "ಇಂಥಾ ಕೇಸು ದೇಶದಾಗ ಯಾರ ಕಡೇನೂ ಇಲ್ಲ, ಪ್ರತಿಮಾ. ನಿನ್ನ ಡಿಗ್ರಿ ಆತಂತ ತಿಳಕೋ," ಅಂದರು. ನಾನು ನಕ್ಕೆ. ಒಂದೆರಡು ಸಲ ಜೋರಾಗಿಯೇ ನಕ್ಕಿರಬೇಕು.

ಒಂಬತ್ತನೆಯ ದಿನ ಮುಧೋಳದಲ್ಲಿ ಐದನೆಯ ಮಾದರಿಯ ಪರೀಕ್ಷೆ ತಯಾರಾಗಿತ್ತು. ತಟ್ಟೆಯ ತುಂಬ ಹತ್ತಿಯಂತೆ ಬೆಳೆದು ನಸುಗೆಂಪಾಗಿದ್ದ ಶಿಲೀಂಧ್ರ. ನಡುವೆ ಕಣ್ಣಿನ ಔಷಧ ನೆನೆಸಿಟ್ಟ ಸಣ್ಣ ಕಾಗದದ ಬಿಲ್ಲೆ. ಶಿಲೀಂಧ್ರ ಗಟ್ಟಿಯಾಗಿದ್ದರೆ ಬಿಲ್ಲೆಯ ಮೇಲೆಯೇ ಹತ್ತಿ ಬೆಳೆಯಬೇಕಿತ್ತು. ಅದು ಬಿಲ್ಲೆಯಿಂದ ದೂರ ನಿಂತಿತ್ತು. ಸುತ್ತ ಎರಡು ಬೆರಳು ಅಗಲದ ಖಾಲಿ ವರ್ತುಲ. ಉಳಿದ ನಾಲ್ಕು ಮಾದರಿಗಳಲ್ಲೂ ಇಷ್ಟು ಅಗಲ ಬಂದಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಮತ್ತೆ ಮೋಸಹೋದೆ, ಆರು ವರ್ಷ ಮಣ್ಣುಪಾಲು ಎಂದು ಸ್ಟೂಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಔಷಧ ಕೆಲಸ ಮಾಡುತ್ತದೆ ಎಂದಾದರೆ, ದೊಡ್ಡವ್ವನ ಕಣ್ಣಲ್ಲಿ ಯಾಕೆ ಮಾಡುತ್ತಿಲ್ಲ ಎಂಬ ಪ್ರಶ್ನೆ ಆಮೇಲೆ ಬಂತು. ಬಂದೊಡನೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ.

ಮಧ್ಯಾಹ್ನದ ಬಸ್ಸಿಗೆ ಜಮಖಂಡಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ. ಹಗಲಿರುಳು ಹಾಕಿದರೆ ಒಂದು ಬಾಟಲಿ ನಾಲ್ಕು ದಿನಕ್ಕೆ ಮುಗಿಯಬೇಕು. ಮನೆಗೆ ಬಂದವಳೇ ದೊಡ್ಡಪ್ಪನನ್ನೂ ಮಾತಾಡಿಸದೆ ಗೂಡಿನಲ್ಲಿದ್ದ ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಮೂರನೆಯ ಬಾಟಲಿ ಶುರುವಾಗಬೇಕಾದ ದಿನ ಎರಡನೆಯದರಲ್ಲಿ ಮುಕ್ಕಾಲು ಉಳಿದಿತ್ತು.

"ದೊಡ್ಡವ್ವ, ರಾತ್ರಿ ಹನಿ ಹಾಕ್ಕೊಳ್ಳಾಕತ್ತೀಯೋ ಇಲ್ಲೋ?"

"ಇಲ್ಲ," ಅಂದಳು. ಆರು ದಿನದಿಂದ ಯಾರಾದರೂ ಕೇಳಲಿ ಎಂದು ಕಾದವಳ ಹಾಗೆ ತಡವಿಲ್ಲದೆ ಹೇಳಿದಳು.

"ಯಾಕ?"

"ಗಂಟಲಕ್ಕ ಬರತೈತಿ."

ದೊಡ್ಡಪ್ಪ ನನ್ನ ಮುಖ ನೋಡಿದರು. ಕಣ್ಣಿಗೆ ಹಾಕಿದ್ದು ಗಂಟಲಿಗೆ ಹೇಗೆ ಬರುತ್ತದೆಂದು ಅವರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಕಣ್ಣಿನ ಒಳಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು ಇದೆ. ಅಳುವಾಗ ಮೂಗು ಸೋರುವುದು ಆ ದಾರಿಯಿಂದಲೇ. ಹನಿಯೂ ಅದೇ ದಾರಿ ಹಿಡಿದು ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುತ್ತದೆ.

"ಮೊದಲನೇ ದಿನಾನ ಗೊತ್ತಾತು," ಅಂದಳು ದೊಡ್ಡವ್ವ. "ಕಹಿ ಐತಿ ಅದು, ಬೇವಿನಂಗ. ಹಗಲ ಏನೂ ಅಡ್ಡಿಯಿಲ್ಲ. ಹೊತ್ತ ಮುಳುಗಿದ ಮ್ಯಾಲ ನೀರ ಸುದ್ದಾ ಗಂಟಲದಾಗ ಇಳಸಂಗಿಲ್ಲಂತ ಈ ಚಾತುರ್ಮಾಸದಾಗ ತೇರದಾಳಕ್ಕ ಹೋಗಿ ಮುನಿ ಮಹಾರಾಜರ ಮುಂದ ನಿಯಮ ತಗೊಂಡೇನಿ. ನೀ ಎರಡ ರಾತ್ರಿ ಹಾಕಿದ್ದಕ್ಕ ಎರಡ ಉಪವಾಸ ಮಾಡಿ ತೀರಿಸೀನಿ."

ಆಕೆ ಆ ವಾರ ಎರಡು ದಿನ ಹಸಿವಿಲ್ಲ ಎಂದು ಉಂಡಿರಲಿಲ್ಲ. ಔಷಧದ ಬಿಸಿ ಇರಬೇಕು ಎಂದು ನಾನೇ ಡಾಕ್ಟರಿಗೆ ಹೇಳಿದ್ದೆ.

ನಾನು ಕೂಗಾಡಿದೆ. ಓಣಿಯವರಿಗೆ ಕೇಳುವಷ್ಟು ಕೂಗಾಡಿದೆ. ಕಣ್ಣು ದೊಡ್ಡದೋ ನಿಯಮ ದೊಡ್ಡದೋ, ರೋಗಿಗೆ ಯಾವ ಧರ್ಮದಲ್ಲೂ ವಿನಾಯಿತಿ ಇದೆ, ಈಗಲೇ ತೇರದಾಳಕ್ಕೆ ಹೋಗಿ ಮಹಾರಾಜರನ್ನು ಕೇಳಿ ಬರುತ್ತೇನೆ ಎಂದೆ.

"ಮಹಾರಾಜರು ಬಿಡು ಅಂತಾರ," ಅಂದಳು ಆಕೆ ನೆಮ್ಮದಿಯಿಂದ. "ಆವತ್ತೂ ಅಂದ್ರು, ವಯಸ್ಸಾಗೇತಿ, ಜಡ್ಡ ಜಾಪತ್ರಿ ಬಂದ್ರ ಔಷಧಕ್ಕ ವಿನಾಯ್ತಿ ಇಟಗೋ ಅಂತ. ನನಗ ಬ್ಯಾಡ್ರಿ ಅಂತ ನಾನ ಹೇಳಿದ್ನಿ. ಈಗ ಹೋಗಿ ಬೇಕಂದ್ರ ಹ್ಯಾಂಗ?"

ಅಲಾರಂ ಬಡಿಯಿತು. ಇನ್ನೂ ಹಗಲಿತ್ತು, ಹನಿ ಹಾಕಿದೆ.

ಅಂದೇ ದೊಡ್ಡವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಶೀತಲ ಕೂಗಾಡಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಕುರ್ಚಿಯನ್ನು ದೊಡ್ಡವ್ವನ ಹತ್ತಿರ ಎಳೆದುಕೊಂಡರು. ಒಂದು ಹನಿ ಹಾಕಿ, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ತೋರುಬೆರಳಿನಿಂದ ಒತ್ತಿ ಹಿಡಿದರು. ಮೂರು ನಿಮಿಷ ಹಾಗೇ ಹಿಡಿದು ಬಿಟ್ಟರು.

"ಕಹಿ ಬಂತೇನ್ರಿ?"

ದೊಡ್ಡವ್ವ ಉಗುಳು ನುಂಗಿ ನೋಡಿದಳು. ಇನ್ನೊಮ್ಮೆ ನುಂಗಿದಳು. "ಇಲ್ಲರೀ."

"ಹಂಗಾರ ರಾತ್ರಿ ಹಾಕ್ಕೊಳ್ಳಾಕ ಅಡ್ಡಿ?"

"ಏನೂ ಇಲ್ಲರೀ. ಇದನ್ನ ಮೊದಲ ಹೇಳಿದ್ರ ಮೊದಲ ಹಾಕ್ಕೋತಿದ್ನಿ."

ಡಾಕ್ಟರು ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಇದು ಔಷಧ ಹಾಕೂ ಪದ್ಧತಿನ," ಎಂದಷ್ಟೇ ಹೇಳಿದರು. "ಆರನೇ ದಿವಸ ನನಗ ಗೊತ್ತಾಗಿದ್ರ ಆವತ್ತ ತೋರಸ್ತಿದ್ದೆ." ಒಂದು ಬೆರಳು, ಮೂರು ನಿಮಿಷ. ಬೇರೇನೂ ಬೇಕಿರಲಿಲ್ಲ.

ಆಮೇಲಿನ ಹದಿನೆಂಟು ದಿನ ನಾನು ಲ್ಯಾಬಿಗೆ ಹೋಗಲಿಲ್ಲ. ಗಂಟೆಗೊಮ್ಮೆ ಹನಿ ಹಾಕಿ, ಮೂಲೆ ಒತ್ತಿ ಹಿಡಿದು, ಮನಸ್ಸಿನಲ್ಲೇ ನೂರೆಂಬತ್ತು ಎಣಿಸುವುದು. ದೊಡ್ಡವ್ವ ಅಷ್ಟು ಹೊತ್ತು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ನಾನು ಬೇಡಿಕೊಳ್ಳುವವಳಲ್ಲ. ಆದರೂ ಬಿಳಿ ಕಲೆಯ ಅಂಚು ಕೂದಲೆಳೆಯಷ್ಟಾದರೂ ಹಿಂದೆ ಸರಿಯಲಿ ಎಂದು ಬೇಡಿಕೊಂಡೆ. ಆಗ ಕೋಣೆ ಆಕೆಗಿಂತ ನನಗೇ ಹೆಚ್ಚು ಸೆರೆಮನೆಯಾಯಿತು. ಆಕೆ ತಪ್ಪು ಮಾಡದೆ ಒಳಗಿದ್ದಳು.

ಹನ್ನೆರಡನೆಯ ದಿನದ ಹೊತ್ತಿಗೆ ಕಲೆ ಹಬ್ಬುವುದು ನಿಂತಿತು. ತೂತು ಬೀಳಲಿಲ್ಲ, ಹುಬ್ಬಳ್ಳಿಗೆ ಹೋಗಬೇಕಾಗಲಿಲ್ಲ. ಆದರೆ ಆರು ರಾತ್ರಿಯಲ್ಲಿ ಅದು ಎಲ್ಲಿಗೆ ಇಳಿಯಬೇಕೋ ಅಲ್ಲಿಗೆ ಇಳಿದುಬಿಟ್ಟಿತ್ತು. ಕೊನೆಯ ಪರೀಕ್ಷೆಯಲ್ಲಿ ಡಾಕ್ಟರು ಎಡಗಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು ಎಷ್ಟು ಎಂದರು. ಬೆರಳೆಲ್ಲಿವೆ ಎಂದು ದೊಡ್ಡವ್ವ ಕೇಳಿದಳು. ಬ್ಯಾಟರಿ ಹಚ್ಚಿದಾಗ ಬೆಳಕಿದೆ ಅಂದಳು, ಆರಿಸಿದಾಗ ಇಲ್ಲ ಅಂದಳು. ಆ ಕಣ್ಣಿಗೆ ಇನ್ನು ಅಷ್ಟೇ. ಕಣ್ಣಿನ ಕಸಿಗೆ ಒಂದು ವರ್ಷದ ಮೇಲೆ ನೋಡೋಣ ಎಂದರು ಡಾಕ್ಟರು, ನೋಡೋಣ ಎನ್ನುವ ಧಾಟಿಯಲ್ಲಿ ಭರವಸೆ ಇರಲಿಲ್ಲ.

ಅದೇ ಸಂಜೆ ಶಿದ್ರಾಮಪ್ಪ ಸರ್ ಫೋನ್ ಮಾಡಿದರು. ಐದನೆಯ ಮಾದರಿ ನನ್ನ ವಾದವನ್ನು ಮುಗಿಸಿಬಿಟ್ಟಿದೆ, ಬೇರೆ ವಿಷಯ ಹಿಡಿಯಬೇಕು, ಇನ್ನೆರಡು ವರ್ಷವಾದರೂ ಬೇಕು ಅಂದರು. "ಕೋಷ್ಟಕದಾಗ ಐದನೇದರ ಮುಂದ ಕಾರಣದ ಕಾಲಂ ಖಾಲಿ ಬಿಟ್ಟೀದಿ. ರೋಗಿ ಸರಿಯಾಗಿ ಔಷಧ ಹಾಕಿಕೊಂಡಿಲ್ಲ ಅಂತ ಬರದುಬಿಡು, ಒಂದ ಸಾಲಿಂದು ಮಾತು." ಬರೆಯುತ್ತೇನೆ ಎಂದು ಫೋನ್ ಇಟ್ಟೆ. ಅದು ಸುಳ್ಳಲ್ಲ. ಖರೆಯೂ ಅಲ್ಲ. ಆ ಕಾಲಂ ಇನ್ನೂ ಖಾಲಿ ಇದೆ.

ಮರುದಿನ ದೊಡ್ಡವ್ವ ಊರಿಗೆ ಹೊರಟಳು. ಕೌದಿ ಬಿಚ್ಚಿ ಮಡಚುವಾಗ ಕೋಣೆಗೆ ಬೆಳಕು ಬಂತು. ದೊಡ್ಡಪ್ಪ ಹೊರಗೆ ಆಟೋದವನ ಹತ್ತಿರ ಮಾತಾಡುತ್ತಿದ್ದರು. ಹೇಳದಿದ್ದರೆ ಇನ್ನು ಯಾವಾಗಲೂ ಹೇಳಲಾರೆ ಎಂದು ನಾನು ಹೇಳಿಬಿಟ್ಟೆ.

"ಆವತ್ತ ಡಾಕ್ಟರು ನಿನ್ನ ಕೇಳಿದಾಗ ನಡುವ ಬಾಯಿ ಹಾಕಿ ತಪ್ಪ ಮಾಡಿದ್ನಿ, ದೊಡ್ಡವ್ವ. ನೀ ಏನೋ ಹೇಳಾಕ ಹೊಂಟಿದ್ದಿ. ನಿನ್ನ ಕಣ್ಣ ನಾ ತಿಂದ್ನಿ."

ಆಕೆ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಅಲ್ಲಿ ಹೇಳಾಕ ಆಗಲಿಲ್ಲ ಖರೆ. ಆದ್ರ ಮನಿಗೆ ಬಂದ ಮ್ಯಾಲ ನಿನ್ನ ಮುಂದ ಹೇಳಬೇಕಂತ ಎದ್ದ ಬಾಗಲ ತನಕ ಬಂದಿದ್ನಿ."

"ಮತ್ತ?"

"ನೀ ಫೋನದಾಗ ಮಾತಾಡಾಕತ್ತಿದ್ದಿ. ಔಷಧ ಹತ್ತವಲ್ದು, ಅದಕ್ಕ ಡಿಗ್ರಿ ಆತು ಅಂತ ನಗಾಕತ್ತಿದ್ದಿ." ಮಡಚಿದ ಸೀರೆಯನ್ನು ಚೀಲದಲ್ಲಿ ಇಟ್ಟಳು. "ಎಷ್ಟ ವರ್ಷ ಆಗಿತ್ತು ಯವ್ವಾ, ನೀ ನಕ್ಕದ್ದ ಕೇಳಿ. ಒಂದ ಕಣ್ಣಿಲೆ ಹುಡುಗಿ ದಂಡಿ ಮುಟ್ಟತಾಳಂದ್ರ ಇರ್ಲಿ ಬಿಡು, ಇನ್ನೊಂದ ಐತೆಲ್ಲಾ ಅಂದ್ನಿ. ಹೊಳ್ಳಿ ಬಂದ ಮಲಕೊಂಡ್ನಿ."

ಹಾಸಿಗೆಯ ಮೇಲೆ ಕೂತೆ. ಇಷ್ಟು ದಿನ ನಾನು ಅಂದುಕೊಂಡದ್ದು ಆಕೆಯ ನಿಯಮ ಆ ಕಣ್ಣು ತೆಗೆದುಕೊಂಡಿತು ಎಂದು. ನಿಯಮಕ್ಕೆ ಮೂರು ನಿಮಿಷದ ಪರಿಹಾರ ಇತ್ತು. ನನ್ನ ನಗುವಿಗೆ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಹುನ್ನೂರಿನ ಬಸ್ಸು ನಿಂತಿತ್ತು. ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ತಡಕಿ ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆ ಕತ್ತನ್ನು ಪೂರ್ತಿ ತಿರುಗಿಸಿ ನನ್ನನ್ನು ಹುಡುಕಿ ಕೇಳಿದಳು. "ಪ್ರತಿಮಾ, ನನ್ನ ಕಣ್ಣ ನಿನ್ನ ಅಭ್ಯಾಸಕ್ಕ ಬಂತಿಲ್ಲೋ?"

"ಬಂತು, ದೊಡ್ಡವ್ವ," ಅಂದೆ.

ಆಕೆಯ ಮುಖ ಅರಳಿತು. ಬಸ್ಸು ಹೊರಡುವಾಗ ಅದನ್ನೇ ಪಕ್ಕದ ಸೀಟಿನ ಹೆಂಗಸಿಗೆ ಹೇಳುತ್ತಿದ್ದಳು.